ಕೆಂಪು ಸಮುದ್ರದ ತಳದಲ್ಲಿ ಒಂದು ಹಬೆ ಎಂಜಿನ್

ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿ ದುಡಿದು ನಿವೃತ್ತನಾದವನು ನಾನು. ಈಜು ಬಾರದು. ಉಣಕಲ್ ಕೆರೆಯ ದಂಡೆ ದಾಟಿ ನೀರಿಗೆ ಇಳಿದವನಲ್ಲ. ಅಂಥವನು ಕಳೆದ ತಿಂಗಳು ಮೂರು ಸಂಜೆಗಳನ್ನು ಕೆಂಪು ಸಮುದ್ರದ ತಳದಲ್ಲಿ ಕಳೆದೆ. ರಜೆಗೆ ಬಂದ ಮೊಮ್ಮಗಳು ವಿಆರ್ ಹೆಡ್‌ಸೆಟ್ ತಂದಿದ್ದಳು, ಕಣ್ಣಿಗೆ ಕಟ್ಟಿಕೊಂಡರೆ ಸುತ್ತಲೂ ಬೇರೊಂದು ಜಾಗವೇ ಕಾಣಿಸುವ ಸಾಧನ. ಅದರಲ್ಲಿ ಮುಳುಗಿದ ಹಡಗೊಂದನ್ನು ತೋರಿಸುವ ‘ಥಿಸಲ್‌ಗಾರ್ಮ್ ಪ್ರಾಜೆಕ್ಟ್’ ಎಂಬ ಜಾಲತಾಣ ತೆರೆದುಕೊಟ್ಟು, “ಅಜ್ಜಾ, ನಿಮ್ಮ ಎಂಜಿನ್ ಇಲ್ಲಿದೆ ನೋಡಿ” ಎಂದಳು. ನೋಡಲು ದುಡ್ಡು ಕೊಡಬೇಕಿಲ್ಲ.

ಥಿಸಲ್‌ಗಾರ್ಮ್ 1940ರಲ್ಲಿ ಇಂಗ್ಲೆಂಡಿನ ಸಂಡರ್‌ಲ್ಯಾಂಡಿನಲ್ಲಿ ಕಟ್ಟಿದ ಸರಕು ಹಡಗು. ಉತ್ತರ ಆಫ್ರಿಕಾದಲ್ಲಿ ಕಾದುತ್ತಿದ್ದ ಬ್ರಿಟಿಷ್ ಸೈನ್ಯಕ್ಕೆ ಸಾಮಾನು ಹೇರಿಕೊಂಡು, ಮೆಡಿಟರೇನಿಯನ್ ದಾರಿ ಅಪಾಯವೆಂದು ಆಫ್ರಿಕಾ ಖಂಡವನ್ನೇ ಸುತ್ತಿ ಬಂದು, ಸೂಯೆಜ್ ಕಾಲುವೆಯ ಸರದಿಗಾಗಿ ಲಂಗರು ಹಾಕಿ ನಿಂತಿತ್ತು. 1941ರ ಅಕ್ಟೋಬರ್ 6ರಂದು ಜರ್ಮನ್ ವಿಮಾನ ಬಾಂಬು ಹಾಕಿತು. ಒಳಗಿದ್ದ ಮದ್ದುಗುಂಡು ಸಿಡಿದು ಹಡಗಿನ ಹಿಂಭಾಗ ಹರಿದುಹೋಯಿತು. 9 ಜನ ಸತ್ತರು. ಸರಕಾಗಿ ಡೆಕ್ಕಿನ ಮೇಲಿದ್ದ ರೈಲಿನ ಎರಡು ಹಬೆ ಎಂಜಿನ್‌ಗಳು ಹಾರಿ ಎರಡು ಮಗ್ಗುಲಿಗೆ ಬಿದ್ದವು. ಸುಮಾರು 30 ಮೀಟರ್ ಆಳದಲ್ಲಿ ಈಗಲೂ ಅಲ್ಲೇ ಇವೆ.

360 ಡಿಗ್ರಿ ವಿಡಿಯೊದಲ್ಲಿ ಸರಕು ಕೋಣೆಯೊಳಗೆ ಇಳಿಯುತ್ತಿದ್ದಂತೆ ಬೆಳಕು ಕುಗ್ಗುತ್ತದೆ. ಲಾರಿಗಳ ಹಿಂಬದಿಯಲ್ಲಿ ಬಿಎಸ್‌ಎ ಮೋಟಾರ್‌ಸೈಕಲ್‌ಗಳು ಒಂದಕ್ಕೊಂದು ತಾಗಿ ಸಾಲಾಗಿ ನಿಂತಿವೆ. ಹೇರಿದವನ ಕೈಯ ಅಚ್ಚುಕಟ್ಟು ಇಷ್ಟು ವರ್ಷಗಳಾದರೂ ಕೆಟ್ಟಿಲ್ಲ.

ಆಮೇಲೆ ಎಂಜಿನ್. ಸ್ಟಾನಿಯರ್ 8ಎಫ್: ಮುಂದೆ ಎರಡು ಸಣ್ಣ ಚಕ್ರ, ಹಿಂದೆ ಎಂಟು ಚಾಲಕ ಚಕ್ರ. ನಾನು ಕೈಯಾರೆ ಬಿಚ್ಚಿ ಜೋಡಿಸಿದ ಮೀಟರ್ ಗೇಜಿನ ವೈಜಿ ಎಂಜಿನ್‌ಗೂ ಎಂಟೇ. 70 ಟನ್ನಿಗೂ ಮೀರಿದ ಕಬ್ಬಿಣ, ಅದರ ಮೇಲೆ ಹವಳ ಕಟ್ಟಿದೆ, ಮೀನುಗಳು ಸುಳಿದಾಡುತ್ತಿವೆ. ಆದರೂ ದುಂಡನೆಯ ಬಾಯ್ಲರ್ ಕಂಡ ಕೂಡಲೇ ಗುರುತು ಹತ್ತಿತು. ಬಲಗೈ ತಾನಾಗಿಯೇ ಮುಂದೆ ಚಾಚಿತು, ಚಕ್ರವನ್ನು ಸುತ್ತಿಗೆಯಿಂದ ತಟ್ಟಿ ನಾದ ಕೇಳುವವನ ಹಾಗೆ. ಕೈಗೆ ಗಾಳಿಯಷ್ಟೇ ಸಿಕ್ಕಿತು. ಕಣ್ಣು ತುಂಬಿ ಹೆಡ್‌ಸೆಟ್ ತೆಗೆದು ಒರೆಸಿಕೊಳ್ಳಬೇಕಾಯಿತು.

ಇದನ್ನು ಬರೀ ಮೋಜಿಗೆ ಮಾಡಿಲ್ಲ ಎಂಬುದೇ ನನಗೆ ಮುಖ್ಯವಾದ ಮಾತು. 2017ರಲ್ಲಿ ಪುರಾತತ್ತ್ವಜ್ಞ ಜಾನ್ ಹೆಂಡರ್ಸನ್, ಛಾಯಾಗ್ರಾಹಕ ಸೈಮನ್ ಬ್ರೌನ್ ಮತ್ತವರ ತಂಡ 12 ಸಲ ಮುಳುಗಿ 24,307 ಫೋಟೊ ತೆಗೆದರು. ಒಂದರ ಅಂಚು ಇನ್ನೊಂದರೊಳಗೆ ಬರುವಂತೆ ತೆಗೆದ ಆ ಫೋಟೊಗಳಲ್ಲಿ ಒಂದೇ ಬಿಂದುವನ್ನು ಹಲವು ಕೋನಗಳಿಂದ ಹಿಡಿದು ಕಂಪ್ಯೂಟರ್ ಮೂರು ಆಯಾಮದ ಮಾದರಿ ಕಟ್ಟುತ್ತದೆ. ನಮ್ಮಲ್ಲಿ ಎಂಜಿನ್ ರಿಪೇರಿಗೆ ಬಂದ ದಿನ ಪಾನಾ ಮುಟ್ಟುವ ಮೊದಲು ಅಳತೆ ಬರೆದಿಡುತ್ತಿದ್ದೆವು. ಮುಂದಿನ ಸಲ ಬಂದಾಗ ಎಷ್ಟು ಸವೆದಿದೆ ಎಂದು ಹೇಳಲು ಬೇರೆ ದಾರಿ ಇರಲಿಲ್ಲ. ಈ ಮಾದರಿಯೂ ಅಂಥದೇ ಅಳತೆಯ ಪುಸ್ತಕ. ಆ ಹಡಗು ದಿನದಿನಕ್ಕೂ ಸವೆಯುತ್ತಿದೆ. ಪ್ರವಾಸಿ ದೋಣಿಗಳು ಹಗ್ಗವನ್ನು ಹಡಗಿಗೇ ಬಿಗಿಯುತ್ತಿದ್ದವು, ಜಗ್ಗಾಟಕ್ಕೆ ಕಬ್ಬಿಣ ಕಿತ್ತು ಬರುತ್ತಿತ್ತು. ನೆನಪಿಗೆಂದು ಬಿಡಿಭಾಗ ಕಿತ್ತೊಯ್ದವರೂ ಇದ್ದಾರೆ. ಓದಿ ಮೈ ಉರಿಯಿತು. ಜನ ಸತ್ತ ಜಾಗ ಅದು.

ಕೊರತೆಗಳೂ ಇವೆ. ವಿಡಿಯೊದಲ್ಲಿ ತಲೆ ಎತ್ತ ಬೇಕಾದರೂ ತಿರುಗಿಸಬಹುದು, ಆದರೆ ಕ್ಯಾಮೆರಾ ಹೋದ ದಾರಿಯಲ್ಲೇ ಹೋಗಬೇಕು. ಬಗ್ಗಿ ಚಕ್ರದ ಕೆಳಗೆ ಇಣುಕಲಾಗದು. ಮಾದರಿಯಲ್ಲಿ ಬೇಕಾದ ಕಡೆಯಿಂದ ನೋಡಬಹುದು, ಆದರೆ ನಮ್ಮ ಮನೆಯ ಇಂಟರ್ನೆಟ್‌ಗೆ ಅದು ತೆರೆದುಕೊಳ್ಳುವಷ್ಟರಲ್ಲಿ ಚಹಾ ಕುದಿಸಿ ಕುಡಿದಿದ್ದೆ. ವಿವರಣೆ ಇಂಗ್ಲಿಷಿನಲ್ಲಿದೆ, ಮೊಮ್ಮಗಳು ಪಕ್ಕದಲ್ಲಿ ಕುಳಿತು ಹೇಳುತ್ತಾ ಹೋದಳು. ಹೆಡ್‌ಸೆಟ್ಟಿನ ಭಾರಕ್ಕೆ ಮೂಗಿನ ಮೇಲೆ ಗೆರೆ ಮೂಡಿತು, ಮೊದಲ ಸಂಜೆ ತಲೆ ಸುತ್ತಿತು. ನನ್ನ ವಯಸ್ಸಿನವರು ತಿರುಗುವ ಕುರ್ಚಿಯಲ್ಲಿ ಕುಳಿತೇ ನೋಡಿ. ಹತ್ತು ನಿಮಿಷಕ್ಕೊಮ್ಮೆ ತೆಗೆದು ಕಿಟಕಿಯಾಚೆ ನೋಡಿದರೆ ತಡೆದುಕೊಳ್ಳಬಹುದು. ಮೊದಲು ಮಾದರಿಯಲ್ಲಿ ಇಡೀ ಹಡಗನ್ನು ಮೇಲಿನಿಂದ ನೋಡಿಕೊಂಡು ಆಮೇಲೆ ವಿಡಿಯೊಗೆ ಹೋದರೆ ಎಲ್ಲಿದ್ದೇವೆಂಬ ದಿಕ್ಕು ತಪ್ಪುವುದಿಲ್ಲ.

ನಾನು ಇನ್ನೂ ಒಂದೇ ಎಂಜಿನ್ ನೋಡಿದ್ದೇನೆ. ಹಡಗಿನ ಇನ್ನೊಂದು ಮಗ್ಗುಲಿನದು ಬಾಕಿ ಇದೆ. ಮೊಮ್ಮಗಳು ದಸರೆಗೆ ಬರುವಾಗ ಹೆಡ್‌ಸೆಟ್ ಮರೆಯದೆ ತರಬೇಕೆಂದು ಹೇಳಿ ಕಳಿಸಿದ್ದೇನೆ.