ದಯೆಯೂ ದಂಡನೆಯೂ ಒಂದೇ ವಾಕ್ಯದಲ್ಲಿ: ಈ ಪ್ರಶ್ನೆ ಇಟ್ಟುಕೊಂಡವರು ಯಾವ ಕನ್ನಡ ಬೈಬಲ್ ಕೊಳ್ಳಬೇಕು?

ಕ್ರೈಸ್ತ ಪುಸ್ತಕದ ಅಂಗಡಿಗೆ ಹೋಗಿ ಬರೀ "ಕನ್ನಡ ಬೈಬಲ್ ಕೊಡಿ" ಎಂದರೆ ಮೂರು ಬೇರೆ ಬೇರೆ ಪುಸ್ತಕಗಳಲ್ಲಿ ಯಾವುದಾದರೂ ಕೈಗೆ ಬರಬಹುದು. ಒಂದು, ಬೈಬಲ್ ಸೊಸೈಟಿಯ ಹಳೆಯ ಭಾಷಾಂತರ, ಅಂದರೆ ಪ್ರೊಟೆಸ್ಟಂಟ್ ಸಭೆಗಳಲ್ಲಿ ಓದುವ "ಸತ್ಯವೇದ". ಎರಡು, ಆಡುಮಾತಿಗೆ ಹತ್ತಿರವಾದ ಸುಲಭ ಭಾಷಾಂತರ "ಪರಿಶುದ್ಧ ಬೈಬಲ್". ಮೂರು, ಕಥೋಲಿಕ ಸಭೆಯವರು ಬಳಸುವ "ಪವಿತ್ರ ಬೈಬಲ್". ಪ್ರತಿದಿನದ ಓದಿಗೆ ಮೂರೂ ಆಗುತ್ತವೆ. ಆದರೆ ಪ್ರೀತಿಸ್ವರೂಪಿ ಎನ್ನಿಸಿಕೊಂಡ ದೇವರೇ ದಹಿಸುವ ಅಗ್ನಿಯೂ ಹೇಗಾದಾನು, ಮನಸ್ಸು ಬದಲಿಸದವನು ಮರುಗುವುದೆಂದರೇನು ಎಂಬ ಪ್ರಶ್ನೆ ಹಿಡಿದು ಓದುವವರಿಗೆ ಈ ಮೂರರ ನಡುವೆ ದೊಡ್ಡ ವ್ಯತ್ಯಾಸವಿದೆ. ಈ ವಿಮರ್ಶೆ ಆ ಒಂದು ಬಳಕೆಗೆ ಮಾತ್ರ.

ಮೊದಲೇ ಹೇಳಿಬಿಡುವುದಾದರೆ, ಹಳೆಯ ಭಾಷಾಂತರವನ್ನೇ ಕೊಳ್ಳಿ. ಸುಲಭದ್ದನ್ನು ಪಕ್ಕದಲ್ಲಿಟ್ಟುಕೊಳ್ಳಿ.

ಕಾರಣ ತಿಳಿಯಲು ವಿಮೋಚನಕಾಂಡ 34:6-7 (34ನೆಯ ಅಧ್ಯಾಯದ 6 ಮತ್ತು 7ನೆಯ ವಚನ) ತೆಗೆಯಿರಿ. ದೇವರು ಮೋಶೆಗೆ ತನ್ನ ಸ್ವಭಾವವನ್ನು ತಾನೇ ಸಾರುವ ಜಾಗ ಇದು. ಹಳೆಯ ಭಾಷಾಂತರದಲ್ಲಿ ಮಾತು ಒಂದೇ ಉಸಿರಿನಲ್ಲಿ ಹೋಗುತ್ತದೆ: ಕನಿಕರ, ದಯೆ, ದೀರ್ಘಶಾಂತಿ, ಪ್ರೀತಿ, ಕ್ಷಮೆ, ಅದರ ಬೆನ್ನಿಗೇ ಅಪರಾಧಿಗಳನ್ನು ಶಿಕ್ಷಿಸದೆ ಬಿಡದವನು ಎಂಬ ಮಾತು. ನಡುವೆ ಇರುವುದು ಅರ್ಧವಿರಾಮ ಚಿಹ್ನೆಗಳು ಮಾತ್ರ. ಕ್ಷಮಿಸುವವನು ಒಬ್ಬ, ಶಿಕ್ಷಿಸುವವನು ಇನ್ನೊಬ್ಬ ಎಂದು ಬೇರೆ ಮಾಡಲು ವ್ಯಾಕರಣವೇ ಬಿಡುವುದಿಲ್ಲ. ಸುಲಭ ಭಾಷಾಂತರದ ರೀತಿ ಉದ್ದ ವಾಕ್ಯವನ್ನು ಚಿಕ್ಕ ಚಿಕ್ಕದಾಗಿ ಒಡೆಯುವುದು. ಅರ್ಥ ಬೇಗ ಹತ್ತುತ್ತದೆ, ಆದರೆ ಪೂರ್ಣವಿರಾಮ ಬಿದ್ದಲ್ಲೆಲ್ಲ ಬಿಗಿ ಸಡಿಲವಾಗುತ್ತದೆ. ಕ್ಷಮೆಯ ಸಾಲಿಗೆ ಗೆರೆ ಎಳೆದು ಶಿಕ್ಷೆಯ ಸಾಲನ್ನು ದಾಟಿ ಹೋಗುವುದು ಆಗ ಬಹಳ ಸುಲಭ.

ಇದೇ ವಚನದಲ್ಲಿ ಹಳೆಯ ಭಾಷಾಂತರದ ಒಂದು ತೊಡಕೂ ಇದೆ. "ಸಾವಿರಾರು ತಲೆ", "ಮೂರು ನಾಲ್ಕು ತಲೆ" ಎಂದು ಬರುತ್ತದೆ. ಇಲ್ಲಿ ತಲೆ ಎಂದರೆ ತಲೆಮಾರು. ಹೊಸ ಓದುಗರು ಇದನ್ನು ಜನರ ಎಣಿಕೆ ಎಂದುಕೊಂಡರೆ ವಚನದ ಜೀವವೇ ಹೋಯಿತು. ದಯೆ ಸಾವಿರಾರು ತಲೆಮಾರಿಗೆ, ದೋಷಫಲ ಮೂರು ನಾಲ್ಕಕ್ಕೆ. ಎರಡೂ ನಿಜ, ಆದರೆ ಎರಡೂ ಒಂದೇ ತೂಕದವಲ್ಲ. ತಂದೆಯ ದೋಷಕ್ಕೆ ಮಗ ಹೊಣೆಯೇ ಎಂದು ಇಲ್ಲಿ ತಡೆದು ನಿಲ್ಲುವವರು ಯೆಹೆಜ್ಕೇಲ 18ಕ್ಕೆ ಹೋಗಬೇಕು. ತಂದೆಯ ದೋಷವನ್ನು ಮಗ ಹೊರುವುದಿಲ್ಲ ಎಂದು 20ನೆಯ ವಚನ ಕಡ್ಡಿ ಮುರಿದಂತೆ ಹೇಳುತ್ತದೆ. ದುಷ್ಟನ ಸಾವಿನಲ್ಲಿ ದೇವರಿಗೆ ಸಂತೋಷವಿಲ್ಲ ಎಂಬ ಮಾತು ಅಲ್ಲೇ 23ರಲ್ಲಿದೆ. ಯೆಹೂದ್ಯರ ಪ್ರಾರ್ಥನೆಯಲ್ಲಿ ವಿಮೋಚನಕಾಂಡದ ಈ ಮಾತನ್ನು ಹೇಳುವಾಗ "ಶಿಕ್ಷಿಸದೆ ಬಿಡನು" ಎಂಬರ್ಥದ ಹೀಬ್ರೂ ಪದಜೋಡಿಯ ಮೊದಲ ಪದಕ್ಕೇ ನಿಲ್ಲಿಸುತ್ತಾರೆ. ಆಗ ಅರ್ಥ "ನಿರ್ದೋಷಿಯೆಂದು ಬಿಡುವವನು" ಎಂದಾಗುತ್ತದೆ. ಪಾಪನಿವೇದನೆಯ ಹೊತ್ತಿನಲ್ಲಿ ದಯೆಯ ಕಡೆಗೆ ವಾಲಿಕೊಳ್ಳುವ ಓದು ಎಷ್ಟು ಹಳೆಯದೆಂದು ಇದರಿಂದ ತಿಳಿಯುತ್ತದೆ.

ಪುಸ್ತಕ ಕೊಂಡ ಮೇಲೆ ಮೊದಲು ಓದಬೇಕಾದದ್ದು ಯೋನ ಮತ್ತು ನಹೂಮ, ಎರಡನ್ನೂ ಒಂದೇ ಕೂರಿಕೆಯಲ್ಲಿ. ಯೋನದಲ್ಲಿ 4 ಅಧ್ಯಾಯ, 48 ವಚನ. ನಹೂಮದಲ್ಲಿ 3 ಅಧ್ಯಾಯ, 47 ವಚನ. ಅರ್ಧ ಗಂಟೆ ಸಾಕು. ಎರಡೂ ನಿನೆವೆ ಎಂಬ ಒಂದೇ ಊರಿನ ಮೇಲಿನವು, ಎರಡೂ ವಿಮೋಚನಕಾಂಡದ ಆ ಮಾತನ್ನೇ ಎತ್ತಿಕೊಳ್ಳುತ್ತವೆ. ಯೋನ 4:2 ದಯೆಯ ಅರ್ಧವನ್ನು ಹೇಳಿ ಅಲ್ಲಿಗೇ ನಿಲ್ಲುತ್ತದೆ, ಅದೂ ದೂರಿನ ದನಿಯಲ್ಲಿ: ನೀನು ಹೀಗೆ ಬಿಟ್ಟುಬಿಡುವವನೆಂದು ಗೊತ್ತಿದ್ದೇ ನಾನು ಓಡಿಹೋದೆ ಎನ್ನುತ್ತಾನೆ ಪ್ರವಾದಿ. ನಹೂಮ 1:3 ದೀರ್ಘಶಾಂತಿಯಿಂದ ಶುರುವಾಗಿ ಅಪರಾಧಿಯನ್ನು ಬಿಡದ ಅರ್ಧಕ್ಕೆ ಹೋಗುತ್ತದೆ. ನಿನೆವೆ ಕ್ರಿ.ಪೂ. 612ರಲ್ಲಿ ಬಿತ್ತು. ಪಶ್ಚಾತ್ತಾಪಪಟ್ಟ ನಿನೆವೆಗೆ ಒಂದು ಅರ್ಧ, ಮತ್ತೆ ಕ್ರೌರ್ಯಕ್ಕಿಳಿದ ನಿನೆವೆಗೆ ಇನ್ನೊಂದು. ದೇವರ ಸ್ವಭಾವದ ಬಗ್ಗೆ ಹತ್ತು ಪ್ರಸಂಗ ಕೇಳುವುದಕ್ಕಿಂತ ಈ ಏಳು ಅಧ್ಯಾಯ ಹೆಚ್ಚು ಕೊಡುತ್ತವೆ.

ಎರಡನೆಯ ಓದು 1 ಸಮುವೇಲ 15. ಸೌಲನನ್ನು ಅರಸನಾಗಿ ಮಾಡಿದ್ದಕ್ಕೆ ದೇವರು ಮರುಗಿದನೆಂದು 11ರಲ್ಲೂ 35ರಲ್ಲೂ ಇದೆ. ನಡುವೆ 29ರಲ್ಲಿ, ಮರುಗಲು ಆತನು ಮನುಷ್ಯನಲ್ಲ ಎಂದಿದೆ. ಹೀಬ್ರೂವಿನಲ್ಲಿ ಮೂರೂ ಕಡೆ ಕ್ರಿಯಾಪದ ಒಂದೇ, ನಾಹಮ್. ಬರೆದವನಿಗೆ ಇದು ಕಣ್ತಪ್ಪಾಗಿರಲಾರದು, ಒಂದೇ ಅಧ್ಯಾಯದಲ್ಲಿ ಬೇಕೆಂದೇ ಎದುರುಬದುರು ನಿಲ್ಲಿಸಿದ್ದಾನೆ. ನಿಮ್ಮ ಕೈಯಲ್ಲಿರುವ ಭಾಷಾಂತರವನ್ನು ಇಲ್ಲೇ ಪರೀಕ್ಷಿಸಬಹುದು. ಮೂರು ವಚನಗಳಲ್ಲೂ ಒಂದೇ ಕನ್ನಡ ಪದ ಇದ್ದರೆ ಪ್ರಶ್ನೆ ನಿಮ್ಮವರೆಗೆ ತಲುಪುತ್ತದೆ. ಒಂದು ಕಡೆ ದುಃಖ, ಇನ್ನೊಂದು ಕಡೆ ಮನಸ್ಸು ಬದಲಾವಣೆ ಎಂದು ಪದ ಬದಲಾಗಿದ್ದರೆ ಭಾಷಾಂತರಕಾರರು ನಿಮ್ಮ ಪರವಾಗಿ ಉತ್ತರ ಕೊಟ್ಟುಬಿಟ್ಟಿದ್ದಾರೆ.

ಪದಗಳ ವಿಷಯಕ್ಕೆ ಬಂದರೆ, ಹಳೆಯ ಭಾಷಾಂತರದ ಅತಿ ದೊಡ್ಡ ಬಲವೂ ಅತಿ ದೊಡ್ಡ ಅಪಾಯವೂ "ನೀತಿ" ಎಂಬ ಒಂದೇ ಪದದಲ್ಲಿವೆ. ರೋಮಾಪುರದವರಿಗೆ 3:26ರಲ್ಲಿ ದೇವರು ತಾನೂ ನೀತಿವಂತ, ಯೇಸುವಿನಲ್ಲಿ ನಂಬಿಕೆಯಿಡುವವರನ್ನು ನೀತಿವಂತರೆಂದು ನಿರ್ಣಯಿಸುವವನೂ ಹೌದು. ಗ್ರೀಕ್‌ನಲ್ಲಿ ಎರಡೂ ಒಂದೇ ಧಾತುವಿನವು, ಕನ್ನಡದಲ್ಲೂ ಆ ನಂಟು ಉಳಿದಿದೆ. ನ್ಯಾಯ ಬಿಡದೆ ಅಪರಾಧಿಯನ್ನು ಹೇಗೆ ಬಿಡುಗಡೆ ಮಾಡುವುದು ಎಂಬ ಇಡೀ ಗಂಟು ಈ ಒಂದು ಪದದ ಸುತ್ತ ಇದೆ, ಶಿಲುಬೆ ಅದಕ್ಕೆ ಈ ಪತ್ರ ಬರೆದ ಪೌಲನ ಉತ್ತರ. ಅಪಾಯ ಏನೆಂದರೆ, ಇವತ್ತಿನ ಕನ್ನಡಿಗನಿಗೆ ನೀತಿ ಎಂದರೆ ನೀತಿಕಥೆ, ಇಲ್ಲವೇ ಸರ್ಕಾರದ ನೀತಿ. ಆ ಅರ್ಥ ಇಟ್ಟುಕೊಂಡು ಓದಿದರೆ "ದೇವರ ನೀತಿ" ಬರೀ ಸದ್ಗುಣವಾಗುತ್ತದೆ. ಓದುವಾಗ ನ್ಯಾಯಾಲಯವನ್ನು ಮನಸ್ಸಿಗೆ ತಂದುಕೊಳ್ಳಿ: ನ್ಯಾಯಾಧೀಶ, ಆರೋಪಿ, ತೀರ್ಪು. ಇದೊಂದು ತಿದ್ದುಪಡಿ ಮಾಡಿಕೊಂಡರೆ ರೋಮಾಪುರದವರಿಗೆ ಬರೆದ ಪತ್ರದ ಮೊದಲ ಐದು ಅಧ್ಯಾಯ ತಾನಾಗಿ ಬಿಡಿಸಿಕೊಳ್ಳುತ್ತದೆ.

ಇದಕ್ಕೆ ತಿರುಗಿನ ದೋಷವೂ ಇದೆ. ಹೆಸೆದ್ ಎಂಬ ಹೀಬ್ರೂ ಪದ ವಿಮೋಚನಕಾಂಡ 34ರಲ್ಲಿ ಒಮ್ಮೆ ಪ್ರೀತಿ, ಮರುವಚನದಲ್ಲೇ ದಯೆ. ಕೀರ್ತನೆ 136ರಲ್ಲಿ ಕೃಪೆ. ಮೂರು ಪದ ನೋಡಿದವರಿಗೆ ಮೂರು ಗುಣ ಎನ್ನಿಸುತ್ತದೆ, ಇರುವುದು ಒಂದೇ, ಒಡಂಬಡಿಕೆಗೆ ಕಟ್ಟುಬಿದ್ದು ಕೈಬಿಡದ ನಿಷ್ಠೆ. 136ನೆಯ ಕೀರ್ತನೆಯಲ್ಲಿ 26 ವಚನ, ಪ್ರತಿಯೊಂದರ ಕೊನೆಗೂ ಆತನ ಕೃಪೆ ಶಾಶ್ವತವಾದದ್ದು ಎಂಬ ಪಲ್ಲವಿ. ಸೂರ್ಯ ಚಂದ್ರರ ಸೃಷ್ಟಿಗೂ ಅದೇ ಪಲ್ಲವಿ, ಐಗುಪ್ತದ (ಈಜಿಪ್ಟಿನ) ಚೊಚ್ಚಲು ಮಕ್ಕಳು ಸತ್ತದ್ದಕ್ಕೂ (10) ಅದೇ, ಅಲ್ಲಿನ ಅರಸ ಫರೋಹನ ಸೈನ್ಯ ಮುಳುಗಿದ್ದಕ್ಕೂ (15) ಅದೇ. ಸಭೆಯಲ್ಲಿ ಇದನ್ನು ಗಟ್ಟಿಯಾಗಿ ಓದುವಾಗ ಹತ್ತನೆಯ ವಚನದಲ್ಲಿ ಬಾಯಿ ತಡೆಯಬೇಕು, ತಡೆಯದಿದ್ದರೆ ಓದು ಸರಿಯಾಗಿಲ್ಲ. ಐಗುಪ್ತದಿಂದ ಬಿಡುಗಡೆಯಾದ ಗುಲಾಮರ ಬಾಯಿಂದ ಬಂದ ಹಾಡೆಂದು ನೆನೆದರೆ ಅದರ ಅರ್ಥ ಹೊಳೆಯುತ್ತದೆ. ಆದರೆ ಸತ್ತ ಮಕ್ಕಳ ಪ್ರಶ್ನೆ ಅಷ್ಟರಿಂದ ಮುಗಿಯುವುದಿಲ್ಲ, ಮುಗಿಯಿತೆಂದು ಯಾರೂ ಹೇಳಬಾರದು.

ಕಥೋಲಿಕರ "ಪವಿತ್ರ ಬೈಬಲ್" ಕೊಳ್ಳಲು ಎರಡು ಒಳ್ಳೆಯ ಕಾರಣಗಳಿವೆ. ಒಂದು, ಅದರಲ್ಲಿ 66ರ ಬದಲು 73 ಗ್ರಂಥಗಳು. ಸೊಲೊಮೋನನ ಜ್ಞಾನಗ್ರಂಥದ 11 ಮತ್ತು 12ನೆಯ ಅಧ್ಯಾಯಗಳು ನಮ್ಮ ಪ್ರಶ್ನೆಗೆ ನೇರವಾಗಿ ಬರುತ್ತವೆ: ದೇವರು ಎಲ್ಲರನ್ನೂ ಕರುಣಿಸುವುದು ಆತನು ಸರ್ವಶಕ್ತನಾಗಿರುವುದರಿಂದಲೇ ಎಂಬ ವಾದ ಅಲ್ಲಿದೆ. ಇನ್ನೊಂದು ಬಹುವಚನ. ಹಳೆಯ ಭಾಷಾಂತರ ಆದಿಕಾಂಡದ ಮೊದಲ ಸಾಲಿನಲ್ಲೇ "ಉಂಟುಮಾಡಿದನು" ಎನ್ನುತ್ತದೆ, ಇದು "ಸೃಷ್ಟಿಮಾಡಿದರು" ಎನ್ನುತ್ತದೆ. ಏಕವಚನ ಅಗೌರವ ಎಂದು ಕೆಲವರಿಗೆ ಇರುಸುಮುರುಸಾಗುತ್ತದೆ. ಆದರೆ ವಚನಕಾರರೂ ದಾಸರೂ ದೇವರನ್ನು "ನೀನು" ಎಂದೇ ಕರೆದ ಭಾಷೆ ನಮ್ಮದು. ಏಕವಚನದಲ್ಲಿ ಸಲಿಗೆ ಇದೆ, ಬಹುವಚನದಲ್ಲಿ ಭಯಭಕ್ತಿ ಇದೆ. ದೇವರು ಮೋಶೆಯ ಸಂಗಡ ಮುಖಾಮುಖಿಯಾಗಿ ಮಾತಾಡಿದನೆಂದು ವಿಮೋಚನಕಾಂಡ 33:11ರಲ್ಲಿದೆ, ನನ್ನ ಮುಖ ಕಂಡವನು ಬದುಕಲಾರ ಎಂದು ಒಂಬತ್ತು ವಚನ ದಾಟಿ 33:20ರಲ್ಲಿದೆ. ಹತ್ತಿರವಿರುವವನೂ ಅವನೇ, ನೋಡಲಾಗದವನೂ ಅವನೇ. ಎರಡು ಭಾಷಾಂತರಗಳು ಒಂದೊಂದು ಕಡೆ ಹಿಡಿದುಕೊಂಡಿವೆ. ನಮಗೆ ಏಕವಚನವೇ ಹೆಚ್ಚು ಸಲ್ಲುತ್ತದೆ.

ಮೊಬೈಲ್ ಆ್ಯಪ್‌ನಲ್ಲಿ ಇವೆಲ್ಲ ಉಚಿತವಾಗಿ ಸಿಗುತ್ತವೆ, ಹೋಲಿಸಿ ನೋಡಲು ಅನುಕೂಲ. ಹುಡುಕುವಾಗ ಮಾತ್ರ ಎಚ್ಚರ. ಹಳೆಯ ಭಾಷಾಂತರದ ಕಾಗುಣಿತ "ಮಾಡುವದು", ನೀವು "ಮಾಡುವುದು" ಎಂದು ಟೈಪ್ ಮಾಡಿದರೆ ವಚನ ತಪ್ಪಿಹೋಗಬಹುದು. ವಿಭಕ್ತಿ ಪ್ರತ್ಯಯ ಬಿಟ್ಟು ಪದದ ಮೊದಲ ಭಾಗವನ್ನಷ್ಟೇ ಹಾಕಿ: "ದೀರ್ಘಶಾಂತ", "ಕನಿಕರ".

ಕೊಳ್ಳಬಾರದ್ದು ಬೈಬಲಿನ ಎರಡನೆಯ ಭಾಗವಾದ ಹೊಸ ಒಡಂಬಡಿಕೆ ಮಾತ್ರ ಇರುವ ಜೇಬಿನ ಪುಸ್ತಕ. ಬೇರೆ ಉಪಯೋಗಕ್ಕೆ ಅದು ಒಳ್ಳೆಯದೇ. ಈ ಪ್ರಶ್ನೆಗೆ ಮಾತ್ರ ಅದು ದಾರಿ ತಪ್ಪಿಸುತ್ತದೆ: ಹಳೆಯದರಲ್ಲಿ ಕೋಪದ ದೇವರು, ಹೊಸದರಲ್ಲಿ ಪ್ರೀತಿಯ ದೇವರು ಎಂಬ ಭಾವನೆ ಗಟ್ಟಿಯಾಗುತ್ತದೆ. ಎರಡನೆಯ ಶತಮಾನದಲ್ಲಿ ಮಾರ್ಕಿಯೋನ್ ಎಂಬ ಬೋಧಕ ಮಾಡಿದ್ದೂ ಇದನ್ನೇ. ಹಳೆಯ ಒಡಂಬಡಿಕೆಯನ್ನು ಪೂರ್ತಿ ತೆಗೆದು, ಕತ್ತರಿಸಿದ ಲೂಕನ ಸುವಾರ್ತೆಯನ್ನೂ ಪೌಲನ ಹತ್ತು ಪತ್ರಗಳನ್ನೂ ಇಟ್ಟುಕೊಂಡ. ರೋಮಿನ ಸಭೆ 144ರಲ್ಲಿ ಅವನನ್ನು ಹೊರಹಾಕಿತು. ನರಕದ ಮಾತು ಸುವಾರ್ತೆಗಳಲ್ಲಿ ಹೆಚ್ಚಾಗಿ ಬರುವುದು ಯೇಸುವಿನ ಬಾಯಿಂದಲೇ; ಎಫ್ರಾಯೀಮನ್ನು (ಅಂದರೆ ತನ್ನ ಜನರಾದ ಇಸ್ರಾಯೇಲರನ್ನು) ಹೇಗೆ ಬಿಟ್ಟುಕೊಡಲಿ ಎಂದು ಕರುಳು ಹಿಂಡಿದ ದೇವರು ಇರುವುದು ಹಳೆಯ ಒಡಂಬಡಿಕೆಯ ಹೋಶೇಯ 11:8ರಲ್ಲಿ. ಪ್ರಕಟನೆ 5ರಲ್ಲಿ ಹಿರಿಯನು ಸಿಂಹವನ್ನು ನೋಡು ಎನ್ನುತ್ತಾನೆ, ಯೋಹಾನನು ನೋಡಿದರೆ ನಿಂತಿರುವುದು ಕುರಿಮರಿ. ಮುಂದಿನ ಅಧ್ಯಾಯದ 16ನೆಯ ವಚನದಲ್ಲಿ ಜನ ಹೆದರಿ ಅಡಗುವುದು ಆ ಕುರಿಮರಿಯ ಕೋಪಕ್ಕೆ.

ಕೊನೆಗೆ ಅಂಗಡಿಯಲ್ಲಿ ಮಾಡಬೇಕಾದ ಪರೀಕ್ಷೆ. ರೆಫರೆನ್ಸ್ ಇರುವ ಮುದ್ರಣವನ್ನೇ ಕೇಳಿ, ಯೋನ 4:2 ತೆಗೆಯಿರಿ. ಅಲ್ಲಿಂದ ವಿಮೋಚನಕಾಂಡ 34:6ಕ್ಕೆ ಸೂಚನೆ ಇದ್ದರೆ ತೆಗೆದುಕೊಳ್ಳಿ. ಆಮೇಲೆ ಪುಟವನ್ನು ಬೆಳಕಿಗೆ ಹಿಡಿದು, ಹಿಂಬದಿಯ ಅಚ್ಚು ತೋರುತ್ತದೆಯೇ, ಒತ್ತಕ್ಷರಗಳು ಮೇಲಿನ ಅಕ್ಷರಕ್ಕೆ ಅಂಟಿಕೊಂಡಿವೆಯೇ ನೋಡಿ. ಅಂಟಿಕೊಂಡಿದ್ದರೆ ಒಂದು ಗಾತ್ರ ದೊಡ್ಡದನ್ನು ಕೇಳಿ.