ಶರತ್ಕಾಲದ ನಡಿಗೆಗೆ ಜಾಲರಿ ಶೂ ಒಳ್ಳೆಯದೋ, ನೀರು ತಡೆಯುವ ಬೂಟೋ?

ಶರತ್ಕಾಲ ಕಾಲಿಡುವ ಹೊತ್ತಿನಲ್ಲಿ ಹಳ್ಳಿಗಾಡಿನ ಕಾಲುದಾರಿಗಳಲ್ಲಿ ಪಾದ ಒದ್ದೆಯಾಗುವುದು ಹೆಚ್ಚಾಗಿ ಇಬ್ಬನಿಯಿಂದ. ಮೋಡವಿಲ್ಲದ ರಾತ್ರಿ ನೆಲ ಬೇಗ ತಣಿಯುತ್ತದೆ, ಬಿಸಿಲೇರುವವರೆಗೂ ಹುಲ್ಲು ತೊಯ್ದೇ ಇರುತ್ತದೆ. ಮಧ್ಯಾಹ್ನಕ್ಕೆ ನೋಡಿದರೆ ಬೆವರಿಳಿಸುವ ಸೆಖೆ. ದಿನಕ್ಕೆರಡು ಹವೆ ಇರುವುದರಿಂದಲೇ ಶೂ ಆರಿಸುವುದು ಕಷ್ಟ.

ಜಾಲರಿ ಶೂ ತೊಯ್ದ ಹುಲ್ಲಿನಲ್ಲಿ ಹತ್ತು ನಿಮಿಷವೂ ತಾಳುವುದಿಲ್ಲ. ಆದರೆ ಹೊಕ್ಕ ನೀರು ಹೆಜ್ಜೆಹೆಜ್ಜೆಗೂ ಹಿಂಡಿ ಹೊರಬೀಳುತ್ತದೆ. ಒಣ ದಾರಿಯಲ್ಲಿ ಒಂದೆರಡು ಗಂಟೆ ನಡೆದರೆ ಬಹುಪಾಲು ಆರುತ್ತದೆ. ಉಣ್ಣೆಯ ಕಾಲುಚೀಲವೇ ಬೇಕು. ಹತ್ತಿಯದು ನೀರು ಹಿಡಿದಿಟ್ಟುಕೊಂಡು ಚರ್ಮವನ್ನು ಮೆತ್ತಗಾಗಿಸುತ್ತದೆ, ಮೆತ್ತಗಾದ ಚರ್ಮ ಉಜ್ಜಿದಲ್ಲೆಲ್ಲ ಬೊಬ್ಬೆ. ಹುಲ್ಲುಗಾವಲು ದಾಟಿದ ಮೇಲೆ ಒಣ ಜೋಡಿ ಹಾಕಿಕೊಂಡು ಒದ್ದೆಯದನ್ನು ಚೀಲದ ಹೊರಗೆ ನೇತುಹಾಕಿ.

ಮೆಂಬ್ರೇನ್, ಅಂದರೆ ನೀರು ತಡೆಯುವ ತೆಳು ಪೊರೆ, ಇರುವ ಬೂಟು ಬೆಳಗಿನ ಹೊತ್ತು ನಿಶ್ಚಿತವಾಗಿ ಮೇಲು. ಅದರ ದುರ್ಬಲ ಜಾಗ ಕುತ್ತಿಗೆ. ಪ್ಯಾಂಟಿನ ಅಂಚನ್ನು ಬೂಟಿನೊಳಗೆ ತುರುಕಿದರೆ ಇಬ್ಬನಿ ಬಟ್ಟೆಗುಂಟ ಇಳಿದು ನೇರ ಕಾಲುಚೀಲಕ್ಕೆ ಸೇರುತ್ತದೆ. ಅಂಚು ಬೂಟಿನ ಮೇಲೆ ಇಳಿಬಿದ್ದಿರಲಿ. ಹುಲ್ಲು ಮೊಣಕಾಲೆತ್ತರ ಇದ್ದರೆ ಗೇಟರ್ (ಬೂಟಿನ ಬಾಯಿಯನ್ನೂ ಮೊಣಕಾಲ ಕೆಳಭಾಗವನ್ನೂ ಮುಚ್ಚುವ ಹೊದಿಕೆ) ಕಟ್ಟಿ. ಒಮ್ಮೆ ಒಳಗೆ ಇಳಿದ ನೀರಿಗೆ ಹೊರದಾರಿಯಿಲ್ಲ: ಹೊರಗಿನದನ್ನು ತಡೆದ ಪೊರೆಯೇ ಒಳಗಿನದನ್ನೂ ತಡೆಯುತ್ತದೆ. ಮಧ್ಯಾಹ್ನದ ಬೆವರು ಆವಿಯಾಗಿ ಹೊರಹೋಗುತ್ತದೆ, ಆದರೆ ನಿಧಾನಕ್ಕೆ. ಹೊರಮೈ ನೀರು ಕುಡಿದಿದ್ದರಂತೂ ಆವಿ ಹೋಗುವುದು ಇನ್ನೂ ನಿಧಾನ.

ಹಿಡಿತದಲ್ಲಿ ದೊಡ್ಡ ವ್ಯತ್ಯಾಸವಿಲ್ಲ, ಎರಡರಲ್ಲೂ ಅಟ್ಟೆಯ ಹಲ್ಲು 4-5 ಮಿ.ಮೀ. ಆಳ ಇದ್ದರೆ ಸಾಕು. ಒದ್ದೆ ತರಗೆಲೆಯ ಮೇಲೆ ಎರಡೂ ಜಾರುತ್ತವೆ. ಜಾರುವುದು ಎಲೆಯ ಪದರವೇ ಆದ್ದರಿಂದ ಹಲ್ಲಿಗೆ ಅಲ್ಲಿ ಕೆಲಸವಿಲ್ಲ. ಹೆಜ್ಜೆ ಚಿಕ್ಕದು ಮಾಡಬೇಕು, ಅಷ್ಟೆ.

ಯಾವುದನ್ನು ಕೊಂಡರೂ ಸಂಜೆ, ಪಾದ ಊದಿರುವಾಗ, ದಪ್ಪ ಕಾಲುಚೀಲ ಹಾಕಿ ಅಳೆಯಿರಿ. ಉದ್ದನೆಯ ಬೆರಳಿನ ಮುಂದೆ ಹೆಬ್ಬೆರಳಗಲ ಜಾಗ ಬೇಕು. ಇಲ್ಲದಿದ್ದರೆ ಇಳಿಜಾರಿನಲ್ಲಿ ಉಗುರು ಕಪ್ಪಾಗುತ್ತದೆ.

ದಿನಕ್ಕೆ ಹದಿನೈದು-ಇಪ್ಪತ್ತು ಕಿ.ಮೀ., ಬೆನ್ನಿಗೆ ಹಗುರ ಚೀಲ ಎಂದಾದರೆ ನಮ್ಮ ಮತ ಜಾಲರಿಗೇ. ದನ ತುಳಿದು ಕಲಸಿದ ಕೆಸರು, ಬಿಡದ ತಣ್ಣನೆ ಮಳೆ ಅಥವಾ ಭಾರದ ಹೊರೆ ಇದ್ದಲ್ಲಿ ಬೂಟು. ಆಗ ರಾತ್ರಿ ಒಣಗಿಸುವುದೇ ಒಂದು ಕೆಲಸ: ಒಳ ಅಟ್ಟೆ ತೆಗೆದು, ಲೇಸು ಪೂರ್ತಿ ಸಡಿಲಿಸಿ, ಹಳೇ ಪತ್ರಿಕೆ ಉಂಡೆ ಮಾಡಿ ತುಂಬಿ, ಗಂಟೆಯ ನಂತರ ಬದಲಿಸಿ. ಬೆಂಕಿಯ ಹತ್ತಿರ ಇಡಬೇಡಿ, ಅಟ್ಟೆಯ ಅಂಟು ಬಿಡುತ್ತದೆ.