ಬಿಸ್ಕಿಟ್ ಡಬ್ಬಿಯಲ್ಲಿ ಲ್ಯಾಪ್‌ಟಾಪ್ ಸೆಲ್ ಕೂಡಿಡುವವರು ಒಮ್ಮೆ ಓದಿ

ಹಳೇ ಸಾಮಾನು ಬಿಚ್ಚಿ, ಒಳಗಿನದನ್ನು ಆರಿಸಿ ಇಟ್ಟುಕೊಳ್ಳುವ ಚಟ ನಿಮಗಿದ್ದರೆ ಇದು ನಿಮಗೇ. ನನಗೂ ಆ ಚಟ ಇದೆ, ಇನ್ನೂ ಬಿಟ್ಟಿಲ್ಲ. ಆದರೆ ಹೋದ ಏಪ್ರಿಲ್‌ನಲ್ಲಿ ನಮ್ಮ ಮಾಳಿಗೆ ಮೇಲಿನ ತಗಡಿನ ಖೋಲಿಗೆ ಬೆಂಕಿ ಬಿತ್ತು. ಹಚ್ಚಿದವನು ನಾನೇ ಅನ್ನಬೇಕು.

ಮನೆ ಹಳೇ ಹುಬ್ಬಳ್ಳಿಯಲ್ಲಿ. ಹಗಲು ಗೋಕುಲ ರೋಡ್ ಕಡೆ ಒಂದು ವರ್ಕ್‌ಶಾಪ್‌ನಲ್ಲಿ ಕೆಲಸ, ರಾತ್ರಿ ಊಟ ಆದಮೇಲೆ ಆ ಖೋಲಿ. ಲಾಕ್‌ಡೌನ್ ಮುಗಿದ ಹೊಸದರಲ್ಲಿ ಗುಜರಿ ಅಂಗಡಿಯಿಂದ ಸತ್ತ ಲ್ಯಾಪ್‌ಟಾಪ್ ಬ್ಯಾಟರಿಗಳನ್ನು ಕಿಲೋ ಲೆಕ್ಕದಲ್ಲಿ ತರಲು ಶುರು ಮಾಡಿದೆ. ಬಿಚ್ಚಿದವರಿಗೆ ಗೊತ್ತು, ಹಳೇ ಪ್ಯಾಕ್‌ನಲ್ಲಿ ಸಾಮಾನ್ಯವಾಗಿ 18650 ಅನ್ನುವ, ಬೆರಳುದ್ದದ ದುಂಡನೆಯ ಆರು ಲಿಥಿಯಂ ಅಯಾನ್ ಸೆಲ್ ಇರುತ್ತವೆ, ಎರಡೆರಡರ ಮೂರು ಜೋಡಿ. ಒಂದು ಜೋಡಿ ಕೆಟ್ಟರೆ ಇಡೀ ಪ್ಯಾಕ್ ಕೆಟ್ಟಂತೆ. ಉಳಿದ ನಾಲ್ಕು ಗಟ್ಟಿಯಾಗಿಯೇ ಇರಬಹುದು. ಆ ನಾಲ್ಕರ ಮೇಲೇ ಆಸೆ. ಕರೆಂಟ್ ಹೋದಾಗಿನ ದೀಪ ಮಾಡಬೇಕು, ಪವರ್ ಬ್ಯಾಂಕ್ ಮಾಡಬೇಕು, ಸೈಕಲ್‌ಗೆ ಮೋಟರ್ ಹಾಕಬೇಕು ಅಂತ ಲೆಕ್ಕ. ಮಾಡಿದ್ದು ಒಂದು ದೀಪ. ಸೆಲ್ ಮಾತ್ರ ನಲವತ್ತು ದಾಟಿದವು.

ಅವನ್ನು ಎಲ್ಲಿಟ್ಟಿದ್ದೆ ಗೊತ್ತಾ? ಬಿಸ್ಕಿಟ್‌ನ ತಗಡಿನ ಡಬ್ಬಿಯಲ್ಲಿ. ಮೇಲೆ ತಗಡಿನ ಸೂರು, ಒಳಗೆ ತಗಡಿನ ಡಬ್ಬಿ, ಹೊರಗೆ ನಮ್ಮೂರಿನ ಏಪ್ರಿಲ್ ಬಿಸಿಲು.

ಆ ರವಿವಾರ ಅವ್ವ ಮಾಳಿಗೆ ಮೇಲೆ ಸಂಡಿಗೆ ಹಾಕಿದ್ದಳು. ನಾನು ಒಂದು ಹಳೇ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್‌ಗೆ ಜಾಗ ಮಾಡಲು ಡಬ್ಬಿಯನ್ನು ಹಲಗೆಯಿಂದ ಇಳಿಸಿ ಮೂಲೆಗೆ ತಳ್ಳಿದೆ. ಒಳಗೆ ಸೆಲ್‌ಗಳು ಗಡಗಡ ಉರುಳಿದ ಸದ್ದು ಕೇಳಿತು. ಕೆಳಗೆ ಬಂದು ಊಟಕ್ಕೆ ಕೂತೆ. ರೊಟ್ಟಿ ಇನ್ನೂ ಮುರಿದಿರಲಿಲ್ಲ, ಅವ್ವ ಮೇಲಿಂದ ಕೂಗಿದಳು: “ಏ ತಮ್ಮಾ, ಎಂಥದೋ ಬಣ್ಣದ ವಾಸನಿ ಬರಾಕತ್ತೈತಿ ನೋಡು. ಏನಿಟ್ಟಿ ಒಳಗ?”

ಓಡಿದೆ. ಉಗುರಿಗೆ ಹಚ್ಚುವ ಬಣ್ಣದಂಥ ಸಿಹಿ ವಾಸನೆ. ಕುಕ್ಕರ್ ಸೀಟಿ ಹೊಡೆಯುವ ಮುಂಚೆ ‘ಸ್ಸ್’ ಅನ್ನುತ್ತದಲ್ಲ, ಡಬ್ಬಿಯಿಂದ ಅದೇ ಸದ್ದು. ಹೊರಗೆ ಎಳೆಯೋಣ ಅಂತ ಕೈ ಹಾಕಿದೆ, ಅಂಗೈ ಸುಟ್ಟಿತು. ಮುಚ್ಚಳ ಹಾರಿತು. ಮೊದಲು ಬಿಳಿ ಹೊಗೆ, ಹಿಂದೆಯೇ ಪಟಾಕಿಯಂತೆ ಕಿಡಿ. ಒಂದು ಸೆಲ್ ಎಗರಿ ಬಾಗಿಲಿನಾಚೆ ಹೋಗಿ ಸಂಡಿಗೆ ಹಾಕಿದ ಸೀರೆ ಮೇಲೆ ಬಿತ್ತು. ಅವ್ವ ಆಗಲೇ ಮೆಟ್ಟಿಲ ಹತ್ತಿರ ಸರಿದಿದ್ದಳು, ನಮ್ಮ ಪುಣ್ಯ.

ಮಾಳಿಗೆ ರಿಪೇರಿಗೆ ತಂದು ಉಳಿದ ಮರಳು ಇತ್ತು, ಸುರಿದೆ. ಬೆಂಕಿ ಅಡಗಿತು. ಬೆವರು ಒರೆಸಿಕೊಳ್ಳುವಷ್ಟರಲ್ಲಿ ಮರಳಿನ ಒಳಗಿಂದಲೇ ಮತ್ತೆ ಎದ್ದಿತು. ಆಮೇಲೆ ತಿಳಿದದ್ದು: ಮರಳು ಬೆಂಕಿಯನ್ನು ಮುಚ್ಚುತ್ತದೆ, ಸೆಲ್ಲಿನ ಕಾವು ಇಳಿಸುವುದಿಲ್ಲ. ಒಂದರ ಕಾವಿಗೆ ಪಕ್ಕದ್ದು ಹೊತ್ತಿಕೊಳ್ಳುತ್ತದೆ, ಅದರ ಕಾವಿಗೆ ಅದರ ಪಕ್ಕದ್ದು. ಅಷ್ಟರಲ್ಲಿ ನನ್ನ ಹೆಂಡತಿ ಮೇನ್ ಸ್ವಿಚ್ ಆರಿಸಿ ಟಾಕಿಯ ಪೈಪ್ ಹಿಡಿದು ಬಂದಳು. ನೀರು ಬಿಟ್ಟು ಬಿಟ್ಟು ತಣ್ಣಗೆ ಮಾಡಿದ ಮೇಲೇ ನಿಂತದ್ದು. ಲಿಥಿಯಂ ಅಯಾನ್ ಸೆಲ್‌ಗೆ ನೀರು ಹಾಕಬಾರದು ಅನ್ನುವವರಿದ್ದಾರೆ. ಆ ಮಾತು ಶುದ್ಧ ಲಿಥಿಯಂ ಲೋಹಕ್ಕೆ ಸರಿ. ಇವಕ್ಕೆ ಬೇಕಾದದ್ದು ತಂಪು, ಅದೂ ಧಾರಾಳವಾಗಿ. ಆದರೆ ನನ್ನಂತೆ ಶೂರತನ ತೋರಿಸಬೇಡಿ. ಆ ಹೊಗೆಯಲ್ಲಿ ಹೈಡ್ರೋಜನ್ ಫ್ಲೋರೈಡ್ ಎಂಬ ಕೆಟ್ಟ ವಿಷ ಇರುತ್ತದೆ. ನಾನು ಎರಡು ದಿನ ಕೆಮ್ಮಿದೆ, ಅಷ್ಟಕ್ಕೇ ಬಿಟ್ಟಿತು. ಬೆಂಕಿ ಕೈ ಮೀರುವಂತಿದ್ದರೆ ಎಲ್ಲರನ್ನೂ ಹೊರಗೆ ಕರೆದುಕೊಂಡು ಬಂದು 112ಕ್ಕೆ ಫೋನ್ ಮಾಡಿ.

ಈಗ ತಪ್ಪು ಎಲ್ಲಿ ಆಯಿತು ಅಂತ. ಪ್ಯಾಕ್ ಬಿಚ್ಚುವಾಗ ಸೆಲ್ ತುದಿಯಲ್ಲಿ ಬೆಸೆದ ನಿಕ್ಕಲ್ ಪಟ್ಟಿಯನ್ನು ಕೆಲವಕ್ಕೆ ಹಾಗೇ ಬಿಟ್ಟಿದ್ದೆ, ಆಮೇಲೆ ತೆಗೆದರಾಯಿತು ಅಂತ. 18650ನ ಇಡೀ ಲೋಹದ ಕವಚವೇ ಮೈನಸ್. ಪ್ಲಸ್ ಇರುವುದು ಮೇಲಿನ ಸಣ್ಣ ಟೋಪಿ ಮಾತ್ರ. ಇವೆರಡರ ನಡುವೆ ಹೊರಗಿನಿಂದ ಇರುವ ರಕ್ಷಣೆ ಅಂದರೆ ತೆಳ್ಳನೆ ಪ್ಲಾಸ್ಟಿಕ್ ಸಿಪ್ಪೆ, ಒಂದು ಕಾಗದದ ಬಿಲ್ಲೆ. ಬಿಚ್ಚುವಾಗ ಸ್ಕ್ರೂಡ್ರೈವರ್ ತಗಲಿ ಹೆಗಲ ಹತ್ತಿರ ಸಿಪ್ಪೆ ಹರಿದಿದ್ದರೆ, ಟೋಪಿಯ ಪಟ್ಟಿ ಬಾಗಿ ಅಲ್ಲಿ ಮುಟ್ಟಿದರೆ ಮುಗಿಯಿತು, ನೇರ ಶಾರ್ಟ್. ನಾನು ಡಬ್ಬಿ ತಳ್ಳಿದಾಗ ಆಗಿದ್ದು ಇದೇ ಇರಬೇಕು.

ಇದರ ಮೇಲೆ ಇನ್ನೊಂದು ಜಾಣತನ ಮಾಡಿದ್ದೆ. ಟೆಸ್ಟ್ ಮಾಡುವ ನೆಪದಲ್ಲಿ ಎಲ್ಲವನ್ನೂ 4.2 ವೋಲ್ಟ್‌ವರೆಗೆ ತುಂಬಿಸಿ ಇಟ್ಟಿದ್ದೆ. ತುಂಬಿದ ಸೆಲ್ ಹೊತ್ತಿದರೆ ಜೋರು ಜಾಸ್ತಿ. ಇಡುವುದಿದ್ದರೆ ಅರ್ಧದಷ್ಟು ಚಾರ್ಜ್ ಸಾಕು. ಸೊನ್ನೆ ವೋಲ್ಟ್‌ಗೆ ಬಿದ್ದ ಕೆಲವನ್ನು ಬೇರೆ ಸೆಲ್‌ಗೆ ತಾಗಿಸಿ ‘ಎಬ್ಬಿಸಿ’ಯೂ ಇದ್ದೆ. ವಿಡಿಯೋಗಳಲ್ಲಿ ಇದನ್ನು ದೊಡ್ಡ ವಿದ್ಯೆಯಂತೆ ತೋರಿಸುತ್ತಾರೆ. ಅಷ್ಟು ಕೆಳಗೆ ಬಿದ್ದ ಸೆಲ್‌ನಲ್ಲಿ ತಾಮ್ರದ ಹಾಳೆ ಕರಗಿರುತ್ತದೆ. ಮತ್ತೆ ಚಾರ್ಜ್ ಮಾಡಿದರೆ ಆ ತಾಮ್ರ ಎಲ್ಲೆಲ್ಲೋ ಕೂತು ಒಳಗೇ ಶಾರ್ಟ್ ಆಗುವ ದಾರಿ ಮಾಡುತ್ತದೆ. 2.5 ವೋಲ್ಟ್‌ಗಿಂತ ಕೆಳಗೆ ಸಿಕ್ಕಿದ್ದನ್ನು ಈಗ ನಾನು ಎಬ್ಬಿಸುವುದಿಲ್ಲ. ಮಲಗಲಿ.

ನನಗೆ ಹೊಟ್ಟೆ ಉರಿದದ್ದು ಬೇರೆಯದಕ್ಕೆ. ಬೆಂಕಿಯಲ್ಲಿ ಹೋದದ್ದು ಸೆಲ್ ಮಾತ್ರ ಅಲ್ಲ. ಆ ಹಲಗೆಯಲ್ಲಿ ಪ್ರಿಂಟರ್‌ಗಳಿಂದ ತೆಗೆದ ಸ್ಟೆಪ್ಪರ್ ಮೋಟರ್, ಉಕ್ಕಿನ ಸರಳು, ಹಲ್ಲಿನ ಬೆಲ್ಟ್ ಇದ್ದವು. ಅವು ನಿಜವಾಗಿ ಇಡುವಂಥ ಸಾಮಾನು. ಸರಳನ್ನು ಕಿಟಕಿಯ ಗಾಜಿನ ಮೇಲೆ ಉರುಳಿಸಿ, ಅಡಿಯಲ್ಲಿ ಬೆಳಕು ಇಣುಕದಿದ್ದರೆ ನೆಟ್ಟಗಿದೆ ಅಂತ ಒಂದೊಂದನ್ನೇ ಆರಿಸಿದ್ದೆ. ಕೆಲಸಕ್ಕೆ ಬಾರದ ಸೆಲ್‌ಗಳ ಜೊತೆ ಅವೂ ಹೋದವು.

ದುರ್ಗದಬೈಲಿನ ಹತ್ತಿರ ಒಬ್ಬ ಹಳೇ ರೇಡಿಯೋ ರಿಪೇರಿ ಕಾಕಾ ಇದ್ದಾರೆ. ಕೈಗೆ ಬ್ಯಾಂಡೇಜ್ ಸುತ್ತಿಕೊಂಡು ಹೋಗಿ ಕಥೆ ಹೇಳಿದೆ. ಅವರು ಕನ್ನಡಕ ತೆಗೆದು, “ಖೋಲಿ ತುಂಬ ಸಾಮಾನು ಇಟ್ಟಿಯಲ್ಲ, ಅದು ನಿನಗ ಬಾಡಗಿ ಕೊಡತೈತೇನು?” ಅಂದರು. ನಕ್ಕೆ. ಮನೆಗೆ ಬಂದು ಉಳಿದದ್ದನ್ನೆಲ್ಲ ನೆಲಕ್ಕೆ ಸುರಿದು ಕೂತಾಗ ಒಂದೊಂದಕ್ಕೂ ಅದೇ ಪ್ರಶ್ನೆ ಕೇಳಿದೆ.

ಮೊದಲು ಹೊರಗೆ ಹೋದದ್ದು ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳ, ಅಂದರೆ ಚಾರ್ಜ್ ಹಿಡಿದಿಡುವ ಬಿಡಿಭಾಗಗಳ, ಡಬ್ಬಿ. ಇದರಲ್ಲೂ ಒಮ್ಮೆ ಮುಖಭಂಗ ಆಗಿದೆ. ಎದುರು ಮನೆ ಅಕ್ಕನ ಸೆಟ್ ಟಾಪ್ ಬಾಕ್ಸ್‌ಗೆ ಹಳೇ ಬೋರ್ಡ್‌ನಿಂದ ಕಿತ್ತ 1000 ಮೈಕ್ರೋಫ್ಯಾರಡ್ ಅಳತೆಯ ಕೆಪಾಸಿಟರ್ ಹಾಕಿ ಕೊಟ್ಟಿದ್ದೆ. ಮೀಟರ್‌ನಲ್ಲಿ ಅಳತೆ ಸರಿಯಾಗಿಯೇ ಬಂದಿತ್ತು. ಹದಿನೈದು ದಿನಕ್ಕೆ ಧಾರಾವಾಹಿ ನಡುವೆ ಬಾಕ್ಸ್ ಆರಿತು. ಕೆಪಾಸಿಟರ್ ಒಳಗಿನ ದ್ರವ ಒಣಗುತ್ತಾ ಬಂದಂತೆ ಅದರ ಒಳಗಿನ ತಡೆ, ಅಂದರೆ ಇಎಸ್‌ಆರ್, ಏರುತ್ತದೆ. ಸಾದಾ ಮೀಟರ್‌ಗೆ ಅದು ಕಾಣುವುದಿಲ್ಲ. ಕಾವು ಹೊರಹಾಕುವ ಹೀಟ್ ಸಿಂಕ್ ಪಕ್ಕದಲ್ಲಿ ವರ್ಷಗಟ್ಟಲೆ ಬೆಂದದ್ದನ್ನು ಕಿತ್ತು ಇನ್ನೊಬ್ಬರ ಮನೆಗೆ ಹಾಕುವುದು, ಅದೂ ಅಂಗಡಿಯಲ್ಲಿ ಚಿಲ್ಲರೆ ಕಾಸಿಗೆ ಹೊಸದು ಸಿಗುವಾಗ! ಅಕ್ಕ ಏನೂ ಅನ್ನಲಿಲ್ಲ. ಮಿಕ್ಸರ್ ಕೆಟ್ಟಾಗ ಮಾತ್ರ ಬೇರೆಯವರ ಹತ್ತಿರ ಹೋದರು.

ಎಸ್‌ಎಂಪಿಎಸ್‌ಗಳನ್ನು, ಅಂದರೆ ಕಂಪ್ಯೂಟರ್‌ಗೆ ಕರೆಂಟ್ ಕೊಡುವಂಥ ಪವರ್ ಸಪ್ಲೈ ಪೆಟ್ಟಿಗೆಗಳನ್ನು, ಇಟ್ಟೆ, ಆದರೆ ಇಡಿಯಾಗಿ. ಒಳ್ಳೆ 12 ವೋಲ್ಟ್ ಕೊಡುವ ಪೆಟ್ಟಿಗೆಯನ್ನು ಬಿಚ್ಚಿ ಎರಡು ಕಾಯಿಲ್ ತೆಗೆದುಕೊಳ್ಳುವುದು ಮೂರ್ಖತನ. ಅದರೊಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ ಪ್ಲಗ್ ತೆಗೆದ ಮೇಲೂ 300ಕ್ಕೂ ಹೆಚ್ಚು ವೋಲ್ಟ್ ಸ್ವಲ್ಪ ಹೊತ್ತು ಕೂತಿರಬಹುದು, ಅದು ಬೇರೆ.

ಬೇರಿಂಗ್ ವಿಷಯದಲ್ಲಿ ನಾನೂ ಬಹಳ ದಿನ ಮೋಸ ಹೋಗಿದ್ದೆ. ಬೆರಳಿಗೆ ಸಿಕ್ಕಿಸಿ ತಿರುಗಿಸಿದಾಗ ಗಿರ್ರನೆ ಜಾಸ್ತಿ ಹೊತ್ತು ತಿರುಗಿದರೆ ಒಳ್ಳೆಯದು ಅಂದುಕೊಳ್ಳುತ್ತೇವೆ. ಸುಮಾರು ಸಲ ಅದು ಗ್ರೀಸ್ ಒಣಗಿದ ಬೇರಿಂಗ್. ಗ್ರೀಸ್ ತುಂಬಿದ್ದು ಬೇಗ ನಿಲ್ಲುತ್ತದೆ. ನಿಧಾನವಾಗಿ, ಸ್ವಲ್ಪ ಒತ್ತಿ ತಿರುಗಿಸಿ. ಬೆರಳ ತುದಿಗೆ ಮರಳು ಸಿಕ್ಕಂತೆ ಅನ್ನಿಸಿದರೆ ಗುಜರಿಗೆ. ನಯವಾಗಿದ್ದರೆ ನಂಬರ್ ನೋಡಿ ಇಡಿ. 608, 6201, 6202 ಇವು ಎಲ್ಲಾದರೂ ಬೇಕಾಗುತ್ತವೆ. ಅಂಚಿನ ನಂಬರ್ ಅಳಿಸಿಹೋದ ವಿಚಿತ್ರ ಅಳತೆಯದನ್ನು ಎಂಟು ವರ್ಷ ಇಟ್ಟಿದ್ದೆ. ಬಾಡಿಗೆ ಕೊಟ್ಟಿಲ್ಲ.

ಮೈಕ್ರೋವೇವ್ ಓವನ್ ಸಿಕ್ಕಿತು ಅಂತ ಖುಷಿಪಡುವ ಹುಡುಗರಿಗೆ ಮಾತ್ರ ಸ್ವಲ್ಪ ಜೋರಾಗಿ ಹೇಳುತ್ತೇನೆ. ಬಾಗಿಲಿನ ಮೈಕ್ರೋ ಸ್ವಿಚ್, ಫ್ಯಾನ್, ತಟ್ಟೆ ತಿರುಗಿಸುವ ಸಣ್ಣ ಮೋಟರ್, ಇವು ಚೆನ್ನ. ಆದರೆ ಅವನ್ನು ತೆಗೆಯಲೂ ಕವಚ ಬಿಚ್ಚಬೇಕಲ್ಲ, ಅಲ್ಲೇ ಪಕ್ಕದಲ್ಲಿ ಕೆಪಾಸಿಟರ್ ಕೂತಿರುತ್ತದೆ. ಪ್ಲಗ್ ತೆಗೆದರೂ ಚಾರ್ಜ್ ಹಿಡಿದುಕೊಂಡಿರಬಹುದು. ಗೊತ್ತಿದ್ದವರ ಕೈಯಲ್ಲಿ ಬಿಚ್ಚಿಸಿ. ಅದರ ಟ್ರಾನ್ಸ್‌ಫಾರ್ಮರ್‌ನಿಂದ ಮರದ ಹಲಗೆ ಮೇಲೆ ಮಿಂಚಿನ ಚಿತ್ತಾರ ಸುಡುವ ವಿಡಿಯೋ ನೋಡಿ ಕೈ ಹಾಕಲೇಬೇಡಿ. ಸುಮಾರು 2000 ವೋಲ್ಟ್, ಕೊಲ್ಲಲು ಬೇಕಾದಷ್ಟು ಕರೆಂಟ್ ಜೊತೆಗೆ. ಅದನ್ನು ಮಾಡಲು ಹೋಗಿ ಸತ್ತವರಿದ್ದಾರೆ. ಓವನ್‌ನಲ್ಲಿ ಮೈಕ್ರೋವೇವ್ ಹುಟ್ಟಿಸುವ ಮ್ಯಾಗ್ನೆಟ್ರಾನ್ ಒಳಗಿನ ಅಯಸ್ಕಾಂತದ ಆಸೆಗೆ ಸುತ್ತಿಗೆಯಿಂದ ಒಡೆಯುವುದೂ ಬೇಡ. ಕೆಲವದರ ಪಿಂಗಾಣಿಯಲ್ಲಿ ಬೆರಿಲಿಯಂ ಆಕ್ಸೈಡ್ ಇರುತ್ತದೆ, ಆ ಧೂಳು ಒಳಗೆ ಹೋದರೆ ಶ್ವಾಸಕೋಶ ಕೆಡುತ್ತದೆ.

ಉಳಿದ ಸೆಲ್‌ಗಳನ್ನು ಗುಜರಿ ಚೀಲಕ್ಕೆ ಹಾಕಿ ಕೈತೊಳೆದುಕೊಳ್ಳೋಣ ಅನ್ನಿಸಿತ್ತು. ಆಮೇಲೆ ನೆನಪಾಯಿತು, ಅಲ್ಲಿ ಗುಜರಿ ಅಂಗಡಿಯವನ ಹತ್ತು ವರ್ಷದ ಮಗ ಚೀಲ ಸುರಿದು ಆರಿಸುತ್ತಾನೆ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೇ ಬ್ಯಾಟರಿ ವಾಪಸ್ ಸಂಗ್ರಹಿಸುವ ಹೊಣೆ ತಯಾರಿಸಿ ಮಾರುವ ಕಂಪನಿಗಳದ್ದು. ಹಾಗಾಗಿ ಸರ್ವೀಸ್ ಸೆಂಟರ್‌ನಲ್ಲಿ ಕೇಳಿ, ಕೊಡಿ. ಕೊಡುವವರೆಗೆ ಎರಡೂ ತುದಿಗೆ ಟೇಪ್ ಸುತ್ತಿ, ಒಂದಕ್ಕೊಂದು ತಾಗದಂತೆ ಇಡಿ. ಉಬ್ಬಿದ ಮೊಬೈಲ್ ಬ್ಯಾಟರಿ ಇದ್ದರೆ ಒತ್ತಬೇಡಿ, ಚುಚ್ಚಬೇಡಿ.

ನನ್ನವು ಹನ್ನೊಂದು ಉಳಿದಿವೆ. ಟೇಪ್ ಸುತ್ತಿ, ಮಣ್ಣಿನ ಕುಂಡದಲ್ಲಿ ಮರಳಿನ ನಡುವೆ, ಮನೆಯಿಂದ ದೂರ ಕಂಪೌಂಡ್ ನೆರಳಲ್ಲಿ ಇಟ್ಟಿದ್ದೇನೆ. ಈ ಶನಿವಾರ ಕೊಟ್ಟು ಬರಬೇಕು. ಅವ್ವನಿಗೆ ಇದನ್ನೆಲ್ಲ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡಳು. ಈ ವರ್ಷದ ಸಂಡಿಗೆ ಮಾತ್ರ ಪಕ್ಕದ ಮನೆಯವರ ಮಾಳಿಗೆ ಮೇಲೆ ಒಣಗುತ್ತಿದೆ.